ಸಂತಿಯೊಳಗ ನಿದ್ದಿ ಹತ್ತುವವರಿಗೆ ಎಂಟು ಪ್ರಶ್ನೆ

ಕಬ್ಬಿನ ಹಂಗಾಮು ಶುರುವಾದರೆ ಸಾಕು, ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಶಿರಗುಪ್ಪಿ, ಉಗಾರ, ಶೇಡಬಾಳ, ಆಚೆ ರಾಯಬಾಗದ ಕಡೆಯಿಂದಲೂ ಕೇಳುತ್ತಾರೆ. ಹಗಲು ಹೊತ್ತು ಕಣ್ಣು ಜಗ್ಗುತ್ತವೆ, ಕೂತಲ್ಲೇ ಜೋಂಪು ಹತ್ತುತ್ತದೆ, ಇದು ದಣಿವೋ ರೋಗವೋ? ಎಷ್ಟಾದರೆ ಡಾಕ್ಟರ ಹತ್ತಿರ ಹೋಗಬೇಕು? ಕೇಳುವವರಲ್ಲಿ ಹೆಚ್ಚಿನವರು ತಮ್ಮ ಸಲುವಾಗಿ ಕೇಳಿರುವುದಿಲ್ಲ. ಹೆಂಡತಿ ಗಂಡನ ಸಲುವಾಗಿ ಕೇಳಿರುತ್ತಾಳೆ, ಮಗ ಅಪ್ಪನ ಸಲುವಾಗಿ. ಈ ಒಂದು ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಕೇಳುತ್ತಲೇ ನಾವು ಬೆಳೆದೆವು. ತಲೆ ಊರಿದ ಕೂಡಲೇ ಗೊರಕೆ ಹೊಡೆಯುವವನನ್ನು ಪುಣ್ಯವಂತ ಎನ್ನುತ್ತೇವೆ. ಅದೇ ಮನುಷ್ಯ ಕೆಲಸದ ಹೊತ್ತಿನಲ್ಲಿ ತೂಕಡಿಸಿದರೆ ಕುಂಭಕರ್ಣ, ಮೈಗಳ್ಳ. ಹೊಗಳುವಾಗಲೂ ಬೈಯುವಾಗಲೂ ಅವನ ಮೈಯೊಳಗೆ ಏನು ನಡೆದಿದೆ ಎಂದು ಯಾರೂ ಕೇಳುವುದಿಲ್ಲ. ಸಂತೆಯ ಗದ್ದಲದ ನಡುವೆ ಹಗಲು ಹನ್ನೊಂದಕ್ಕೆ ಕಣ್ಣು ಮುಚ್ಚುವವನು ನಿಶ್ಚಿಂತನೆಂದು ಹೇಳಲು ನನಗೆ ಧೈರ್ಯ ಸಾಲದು. ಥ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದಿದ್ದರಿಂದ ವಾರವಿಡೀ ಅವನು ಕಬ್ಬಿಗೆ ನೀರು ಹಾಯಿಸುತ್ತ ಬ್ಯಾಟರಿ ಹಿಡಿದು ಓಡಾಡಿರಬಹುದು. ಅಥವಾ ಎಂಟು ತಾಸು ಹಾಸಿಗೆಯಲ್ಲೇ ಇದ್ದೂ ಉಸಿರಿಗಾಗಿ ಒದ್ದಾಡಿರಬಹುದು.

ದಣಿವು ಬೇರೆ, ಜೋಂಪು ಬೇರೆ. ದಿನವೆಲ್ಲ ಕಬ್ಬು ಕಡಿದವನಿಗೆ ತೋಳು, ಸೊಂಟ ನೋಯುತ್ತವೆ. ಬದುವಿನ ಮೇಲೆ ಅರ್ಧ ತಾಸು ಕಾಲು ಚಾಚಿ ಕೂತರೆ ಮೈ ಹಗುರಾಗುತ್ತದೆ, ನಿದ್ದೆ ಬರಲೇಬೇಕೆಂದಿಲ್ಲ. ರಕ್ತ ಕಡಿಮೆಯಾದವರಿಗೆ, ಮನಸ್ಸು ಕುಗ್ಗಿದವರಿಗೆ ಸುಸ್ತು ಬಿಡುವುದೇ ಇಲ್ಲ, ಆದರೂ ಮಧ್ಯಾಹ್ನ ಚಾಪೆಯ ಮೇಲೆ ಅಡ್ಡಾದರೆ ಕಣ್ಣು ಮುಚ್ಚುವುದಿಲ್ಲ. ರಾತ್ರಿ ನಿದ್ದೆ ಬಾರದೆ ಹೊರಳಾಡುವವರ ಕಥೆಯೂ ಬಹಳ ಸಲ ಹೀಗೆಯೇ. ಮೈ ಸೋತಿರುತ್ತದೆ, ಆದರೆ ಹಗಲೂ ನಿದ್ದೆ ಹತ್ತದು. ಜೋಂಪಿನ ಮನುಷ್ಯನದು ಇದಕ್ಕೆ ತಿರುಗಾಮುರುಗಾ. ಅವನಿಗೆ ನೋವಿಲ್ಲ, ಸಂಕಟವಿಲ್ಲ, ಆದರೆ ಅವನು ಸುಮ್ಮನೆ ಕೂತರೆ ಸಾಕು, ಕತ್ತು ವಾಲುತ್ತದೆ. ಇಬ್ಬರೂ ಡಾಕ್ಟರ ಎದುರು ಕೂತು ‘ಭಾಳ ಸುಸ್ತರೀ’ ಎಂದೇ ಹೇಳುತ್ತಾರೆ. ಹಾಗಾಗಿ ಎಷ್ಟು ಸುಸ್ತು ಎಂದು ಕೇಳಿ ಪ್ರಯೋಜನವಿಲ್ಲ. ಎಲ್ಲೆಲ್ಲಿ ಕೂತಾಗ ಕಣ್ಣು ಹತ್ತುತ್ತವೆ ಎಂದು ಕೇಳಬೇಕು.

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಎಪ್‌ವರ್ತ್ ಆಸ್ಪತ್ರೆಯಲ್ಲಿ ನಿದ್ರಾ ವಿಭಾಗ ನಡೆಸುತ್ತಿದ್ದ ಡಾ. ಮರ್ರೇ ಜಾನ್ಸ್ 1991ರಲ್ಲಿ ಪ್ರಕಟಿಸಿದ ಅಳತೆ ಇರುವುದೇ ಈ ಬಗೆಯ ಕೇಳುವಿಕೆಯ ಮೇಲೆ. ಆಸ್ಪತ್ರೆಯ ಹೆಸರೇ ಅದಕ್ಕೂ ಉಳಿಯಿತು, ಎಪ್‌ವರ್ತ್ ಮಾಪನ ಎನ್ನುತ್ತಾರೆ. ಒಂದು ಹಾಳೆ, ಎಂಟು ಸಂದರ್ಭ. ಕೂತು ಓದುವಾಗ, ಟಿ.ವಿ. ನೋಡುವಾಗ, ಸಭೆ ನಾಟಕದಂಥ ಜಾಗದಲ್ಲಿ ಸುಮ್ಮನೆ ಕೂತಾಗ, ಒಂದು ತಾಸು ಎಲ್ಲೂ ನಿಲ್ಲದೆ ಬೇರೆಯವರ ಕಾರಿನಲ್ಲಿ ಹೋಗುವಾಗ, ಮಧ್ಯಾಹ್ನ ಅಡ್ಡಾದಾಗ, ಯಾರ ಜೊತೆಗಾದರೂ ಕೂತು ಮಾತಾಡುವಾಗ, ಕುಡಿಯದೆ ಊಟ ಮುಗಿಸಿ ಸುಮ್ಮನೆ ಕೂತಾಗ, ಗಾಡಿ ರಸ್ತೆಯ ಸಂದಣಿಯಲ್ಲಿ ಕೆಲವು ನಿಮಿಷ ನಿಂತಾಗ ತೂಕಡಿಕೆ ಬರುವ ಸಂಭವ ಎಷ್ಟು? ಇಲ್ಲವೇ ಇಲ್ಲ ಎಂದರೆ 0, ಸ್ವಲ್ಪ ಎಂದರೆ 1, ಮಧ್ಯಮ ಎಂದರೆ 2, ಬಹಳ ಎಂದರೆ 3. ಕೂಡಿದರೆ ಹೆಚ್ಚೆಂದರೆ 24. ಹತ್ತರವರೆಗೆ ಸಾಮಾನ್ಯ ಎಂದು ಹಿಡಿಯುತ್ತಾರೆ. ಹನ್ನೊಂದರಿಂದ ಮೇಲೆ ಹಗಲು ನಿದ್ದೆ ಹೆಚ್ಚಾಗಿದೆ ಎಂದರ್ಥ, 16 ಮುಟ್ಟಿದರೆ ತೀವ್ರ. ಹಾಳೆ ತುಂಬಲು ಐದು ನಿಮಿಷವೂ ಬೇಡ. ಜಗತ್ತಿನ ನಿದ್ರಾ ಚಿಕಿತ್ಸಾಲಯಗಳಲ್ಲಿ ಇಷ್ಟು ಬಳಕೆಯಲ್ಲಿರುವ ಪ್ರಶ್ನಾವಳಿ ಇನ್ನೊಂದು ಸಿಗುವುದು ಕಷ್ಟ.

ಈ ಎಂಟನ್ನು ಒಂದೇ ತೂಕದವೆಂದು ತಿಳಿಯಬೇಡಿ. ಮಧ್ಯಾಹ್ನ ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾದವನಿಗೆ ನಿದ್ದೆ ಬಂದರೆ ಅದರಲ್ಲಿ ವಿಶೇಷವೇನಿಲ್ಲ, ಆ ಜಾಗವೇ ನಿದ್ದೆಯನ್ನು ಕರೆಯುತ್ತದೆ. ಎದುರಿಗೆ ಬೀಗರು ಕೂತು ಮಾತಾಡುತ್ತಿರುವಾಗ ಕಣ್ಣು ಮುಚ್ಚಿದರೆ ಸಂಗತಿ ಬೇರೆ. ಸಂದರ್ಭವೇ ಎಚ್ಚರ ಇಡುವಂತಿದ್ದರೂ ನಿದ್ದೆ ನುಗ್ಗಿ ಬಂತೆಂದರೆ ಒಳಗಿನ ಒತ್ತಡ ಬಹಳ ಇದೆ ಎಂದಾಯಿತು. ಜಾನ್ಸ್ ಹಗುರದ ಸಂದರ್ಭದಿಂದ ಕಠಿಣ ಸಂದರ್ಭದವರೆಗೆ ಆರಿಸಿದ್ದು ಇದಕ್ಕಾಗಿಯೇ. ಆದ್ದರಿಂದ ಇಬ್ಬರಿಗೂ ಒಂಬತ್ತೇ ಅಂಕ ಬಂದರೂ ಇಬ್ಬರೂ ಸಮ ಅಲ್ಲ. ಮಾತಾಡುವಾಗ, ಗಾಡಿ ಸಂದಣಿಯಲ್ಲಿ ನಿಂತಾಗ ಎಂಬ ಎರಡು ಪ್ರಶ್ನೆಗೆ ಯಾರಾದರೂ ಒಂದು ಅಂಕ ಹಾಕಿಕೊಂಡರೂ, ಒಟ್ಟು ಎಷ್ಟೇ ಇರಲಿ, ಅವರು ಡಾಕ್ಟರ ಹತ್ತಿರ ಹೋಗಿ ಮಾತಾಡಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆಯ ಬದುಕಿಗೆ ಈ ಪ್ರಶ್ನೆಗಳು ಪೂರ್ತಿ ಹೊಂದುವುದಿಲ್ಲ ಎಂಬುದೂ ನಿಜ. ಕೂತು ಓದುವ ರೂಢಿ ಎಷ್ಟು ಜನರಿಗಿದೆ? ಸ್ವಂತ ಕಾರು ಎಷ್ಟು ಮನೆಯಲ್ಲಿದೆ? ಈ ತೊಡಕು ಉತ್ತರ ಭಾರತದಲ್ಲೂ ಇತ್ತು. ದಿಲ್ಲಿಯ ಏಮ್ಸ್ ವೈದ್ಯರು ಮಾರ್ಪಡಿಸಿದ ಹಿಂದಿ ರೂಪವೊಂದನ್ನು ಪರೀಕ್ಷೆಗೆ ಒಡ್ಡಿ 2016ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಕೇಳುವುದಾದರೆ ಮಠದ ಪ್ರವಚನದಲ್ಲಿ ಕೂತಾಗ, ಕಾಗವಾಡದಿಂದ ಅಥಣಿಗೆ ಬಸ್ಸಿನಲ್ಲಿ ಹೊರಟಾಗ, ಫ್ಯಾಕ್ಟರಿ ಯಾರ್ಡಿನಲ್ಲಿ ಪಾಳಿ ಕಾಯುತ್ತ ಸ್ಟೇರಿಂಗ್ ಮುಂದೆ ಕೂತಾಗ ಎಂದು ಕೇಳಿದರೆ ಜನಕ್ಕೆ ತಟ್ಟನೆ ತಿಳಿಯುತ್ತದೆ. ಹೀಗೆ ಬದಲಿಸಿ ಕೇಳುವುದು ಮಾತು ತೆಗೆಯಲು ಚೆನ್ನ. ಅಂಕ ಕೂಡಿಸಿ ತೀರ್ಮಾನಕ್ಕೆ ಬರುವಾಗ ಮಾತ್ರ ಡಾಕ್ಟರ ಬಳಿಯ ಪರೀಕ್ಷಿತ ಹಾಳೆಯೇ ಇರಲಿ. ಪ್ರಶ್ನೆ ಬದಲಾದರೆ ಹತ್ತು ಎಂಬ ಗೆರೆಗೆ ಅರ್ಥ ಉಳಿಯುವುದಿಲ್ಲ.

ನಮ್ಮ ಕಾಕಾನ ಮುಂದೆ ಒಂದು ಸಲ ಈ ಹಾಳೆ ಹಿಡಿದು ಕೂತಿದ್ದೆ. ಹೆಚ್ಚಿನ ಪ್ರಶ್ನೆಗಳಿಗೆ ಅವರದು ಒಂದೇ ಉತ್ತರ. ‘ನಂಗೆಲ್ಲಿ ನಿದ್ದಿ ಬರ್ತೈತಿ? ಸುಮ್ನ ಕಣ್ಣ ಮುಚ್ಚಿ ಕುಂತಿರ್ತೀನಷ್ಟ. ಸೊನ್ನಿ ಬರಕೋ.’ ಮಧ್ಯಾಹ್ನದ ನಿದ್ದೆಗೆ ಮೂರು, ಟಿ.ವಿ.ಗೆ ಒಂದು, ಒಟ್ಟು ನಾಲ್ಕು. ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ‘ಅವರನ್ನ ಏನ ಕೇಳ್ತಿ, ನನ್ನ ಕೇಳು. ಶೇಡಬಾಳದ ಲಗ್ನದಾಗ ಅಕ್ಷತಾ ಕೈಯಾಗ ಹಿಡ್ಕೊಂಡ ತೂಕಡಿಸಿದವ್ರು ಇವ್ರು. ರಾತ್ರಿ ಗೊರಕಿ ಹೊಡಿತಿರ್ತಾರ, ನಡುವ ಗಪ್ಪನ ನಿಂತ ಬಿಡತೈತಿ. ನಂಗ ಎದಿ ಧಸಕ್ಕ ಅಂತೈತಿ. ಆಮ್ಯಾಲ ನೀರಾಗ ಮುಳಗಿದವ್ರು ಮ್ಯಾಲ ಬಂದಂಗ ಉಸರ ಜಗ್ಗತಾರ.’ ಕಾಕು ಹೇಳಿದ ಹಾಗೆ ಬರೆದರೆ ಅಂಕ ಹದಿಮೂರಾಯಿತು. ಕಾಕಾ ಸುಳ್ಳು ಹೇಳಿರಲಿಲ್ಲ. ಅವರಿಗೆ ಗೊತ್ತಾಗಿದ್ದೇ ಅಷ್ಟು.

ಗೊತ್ತಾಗದೇ ಇರುವುದು ನಿದ್ದೆಗೇಡಿನ ಸ್ವಭಾವ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ವ್ಯಾನ್ ಡಾಂಗೆನ್, ಡೇವಿಡ್ ಡಿಂಜಸ್ ಮತ್ತು ಸಂಗಡಿಗರು 48 ಆರೋಗ್ಯವಂತರನ್ನು ಇಟ್ಟುಕೊಂಡು ನಡೆಸಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಹದಿನಾಲ್ಕು ರಾತ್ರಿ ಕೆಲವರಿಗೆ 8 ತಾಸು, ಕೆಲವರಿಗೆ 6, ಕೆಲವರಿಗೆ ನಾಲ್ಕೇ ತಾಸು ಮಲಗಲು ಬಿಟ್ಟರು. ಹಗಲು ಪರೀಕ್ಷೆ ಕೊಟ್ಟರು. ಅದರಲ್ಲೊಂದು ಬಹಳ ಸರಳ, ಪರದೆಯ ಮೇಲೆ ಗುರುತು ಮೂಡಿದ ಕೂಡಲೇ ಗುಂಡಿ ಒತ್ತುವುದು, ಹೀಗೆ ಹತ್ತು ನಿಮಿಷ. ಅರ್ಧ ಸೆಕೆಂಡಿಗಿಂತ ತಡವಾದರೆ ಗಮನ ತಪ್ಪಿತೆಂದು ಲೆಕ್ಕ. ಆರು ತಾಸಿನವರಲ್ಲೂ ನಾಲ್ಕು ತಾಸಿನವರಲ್ಲೂ ಇಂಥ ತಪ್ಪು ದಿನದಿನಕ್ಕೆ ಏರುತ್ತಲೇ ಹೋಯಿತು. ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟವನ್ನೂ ಮುಟ್ಟಿತು. ಆದರೆ ‘ನಿನಗೆ ಎಷ್ಟು ಜೋಂಪು’ ಎಂದು ಅವರನ್ನೇ ಕೇಳಿದರೆ, ಮೊದಲ ಕೆಲವು ದಿನ ಹೆಚ್ಚು ಎಂದವರು ಆಮೇಲೆ ಅಷ್ಟಕ್ಕೇ ನಿಂತರು. ಕೈ ತಡವಾಗುತ್ತ ಹೋದರೂ ಮನಸ್ಸು ರೂಢಿಯಾಯಿತು ಎಂದುಕೊಂಡಿತು. ‘ನಂಗ ಐದ ತಾಸ ಸಾಕ್ರಿ, ರೂಢಿ ಆಗೇತಿ’ ಎನ್ನುವವರ ಮಾತನ್ನು ಕೇಳುವಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. ಪಕ್ಕದಲ್ಲಿ ಮಲಗುವವರ, ಜೊತೆಯಲ್ಲಿ ಕೆಲಸ ಮಾಡುವವರ ಮಾತನ್ನು ಹಾಳೆಯ ಮಗ್ಗುಲಲ್ಲಿ ಬರೆದಿಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನೊಂದು ಗೊಂದಲ ಬಿಡಿಸಬೇಕು. ಜಾತ್ರೆಯಲ್ಲಿ ಕುಲಗೋಡ ತಮ್ಮಣ್ಣನ ಪಾರಿಜಾತದ ಆಟ ನೋಡುತ್ತ ಬೆಳಗಿನ ಜಾವ ಮೂರಕ್ಕೆ ಕಂಬಕ್ಕೆ ಒರಗಿದವರಿಗೆ ರೋಗವಿಲ್ಲ. ಮೈಯೊಳಗೆ ಒಂದು ಗಡಿಯಾರವಿದೆ. ನಡುರಾತ್ರಿಯಿಂದ ನಸುಕಿನವರೆಗೆ ಅದು ನಿದ್ದೆಯ ಕಡೆಗೇ ಎಳೆಯುತ್ತದೆ, ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತಿಗೂ ಸ್ವಲ್ಪ ಜಗ್ಗುತ್ತದೆ. ಅದರ ಜೊತೆಗೆ, ಎದ್ದಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತ ಹೋಗಿ ಒತ್ತಡ ಬೆಳೆಸುತ್ತದೆ. ಚಹಾದ ಕೆಫೀನು ಆ ವಸ್ತುವಿನ ಕೆಲಸಕ್ಕೆ ಸ್ವಲ್ಪ ಹೊತ್ತು ಅಡ್ಡ ನಿಲ್ಲುತ್ತದೆ, ಅಷ್ಟೇ. ನಿದ್ದೆಯ ಸಾಲ ಹಾಗೇ ಇರುತ್ತದೆ. ಎಪ್‌ವರ್ತ್ ಹಾಳೆ ಕೇಳುವುದು ಈಚಿನ ದಿನಗಳ ಸಾಮಾನ್ಯ ರೂಢಿಯನ್ನು. ಈ ಗಳಿಗೆಯಲ್ಲಿ ಎಷ್ಟು ಜೋಂಪು ಇದೆ ಎಂದು ತಿಳಿಯಬೇಕಾದರೆ ಬೇರೆ ಅಳತೆಗಳಿವೆ. 1973ರ ಸ್ಟ್ಯಾನ್‌ಫರ್ಡ್ ಮಾಪನದಲ್ಲಿ ಏಳು ಮೆಟ್ಟಿಲು, ಸ್ವೀಡನ್ನಿನವರು 1990ರಲ್ಲಿ ತಂದ ಕರೋಲಿನ್ಸ್ಕಾ ಮಾಪನದಲ್ಲಿ ಒಂಬತ್ತು. ಪಾಳಿ ಕೆಲಸದವರ, ಚಾಲಕರ ಅಧ್ಯಯನಕ್ಕೆ ಇವು ಹೆಚ್ಚು ಉಪಯೋಗ.

ಬಾಯಿಮಾತಿನ ಅಳತೆ ಸಾಲದಾದಾಗ ಪ್ರಯೋಗಾಲಯಕ್ಕೆ ಹೋಗಬೇಕು. ಸ್ಟ್ಯಾನ್‌ಫರ್ಡಿನ ಮೇರಿ ಕಾರ್ಸ್‌ಕಡನ್ ಮತ್ತು ವಿಲಿಯಂ ಡಿಮೆಂಟ್ 1970ರ ದಶಕದಲ್ಲಿ ರೂಪಿಸಿದ ಪರೀಕ್ಷೆಯೊಂದಿದೆ. ಹಿಂದಿನ ರಾತ್ರಿ ಅಲ್ಲೇ ಮಲಗಿಸಿ ನಿದ್ದೆಯನ್ನು ದಾಖಲಿಸುತ್ತಾರೆ. ಮರುದಿನ ಬೆಳಿಗ್ಗೆಯಿಂದ ಎರಡು ತಾಸಿಗೊಮ್ಮೆ, ನಾಲ್ಕೈದು ಸಲ, ಕತ್ತಲ ಕೋಣೆಯಲ್ಲಿ ತಲೆಗೆ ತಂತಿ ಅಂಟಿಸಿ ಮಲಗು ಎನ್ನುತ್ತಾರೆ. ಒಂದು ಸಲಕ್ಕೆ ಇಪ್ಪತ್ತು ನಿಮಿಷದ ಅವಕಾಶ. ದೀಪ ಆರಿದ ಎಷ್ಟು ನಿಮಿಷಕ್ಕೆ ಮಿದುಳಿನ ಅಲೆ ನಿದ್ದೆಗೆ ಇಳಿಯಿತು ಎಂದು ನೋಡಿ ಸರಾಸರಿ ತೆಗೆಯುತ್ತಾರೆ. ಎಂಟು ನಿಮಿಷ ಅಥವಾ ಅದಕ್ಕಿಂತ ಬೇಗ ಎಂದರೆ ಜೋಂಪು ಮಿತಿಮೀರಿದೆ. ನಾರ್ಕೊಲೆಪ್ಸಿ ಎಂಬ ನರಸಂಬಂಧಿ ಕಾಯಿಲೆಯನ್ನು ಗುರುತಿಸಲು ಸಾಮಾನ್ಯವಾಗಿ ಇದು ಬೇಕಾಗುತ್ತದೆ. ಆ ಕಾಯಿಲೆಯವರು ಕಣ್ಣು ಮುಚ್ಚಿದ ಕೆಲವೇ ನಿಮಿಷದಲ್ಲಿ ಕನಸಿನ ಘಟ್ಟಕ್ಕೆ ಇಳಿದುಬಿಡುತ್ತಾರೆ. ಇದಕ್ಕೆ ಎದುರಾದ ಪರೀಕ್ಷೆಯೂ ಇದೆ. ಮಂದ ಬೆಳಕಿನಲ್ಲಿ ನಲವತ್ತು ನಿಮಿಷ ಕೂಡಿಸಿ, ನಿದ್ದೆ ಮಾಡದೆ ಎಷ್ಟು ಹೊತ್ತು ತಡೆಯಬಲ್ಲೆ ನೋಡೋಣ ಎನ್ನುತ್ತಾರೆ. ಗಾಡಿ ಓಡಿಸುವವರಿಗೆ ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಹತ್ತಿರದ ಪರೀಕ್ಷೆ, ರಸ್ತೆಯ ಮೇಲೆ ಅವರು ಮಾಡಬೇಕಾದದ್ದೂ ಅದನ್ನೇ. ಹಾಳೆಯ ಅಂಕ ಮತ್ತು ಈ ಪರೀಕ್ಷೆಗಳ ಫಲ ಯಾವಾಗಲೂ ತಾಳೆಯಾಗುವುದಿಲ್ಲ. ಒಂದು ನಿತ್ಯದ ಬದುಕನ್ನು ನೋಡುತ್ತದೆ, ಇನ್ನೊಂದು ಒಂದು ದಿನದ ಕೋಣೆಯನ್ನು.

ಅಂಕ ರೋಗದ ಹೆಸರು ಹೇಳುವುದಿಲ್ಲ ಎಂಬುದನ್ನೂ ಮರೆಯಬಾರದು. ಹದಿನಾಲ್ಕು ಬಂದವನಿಗೆ ನಿದ್ದೆಯೇ ಸಾಲದೆ ಹೋಗಿರಬಹುದು. ನೆಗಡಿಗೆ ಅಂತ ಔಷಧಿ ಅಂಗಡಿಯಿಂದ ತಂದ ಗುಳಿಗೆ ಜೋಂಪು ತರಿಸಿರಬಹುದು, ನರದ ಗುಳಿಗೆ ತರಿಸಿರಬಹುದು. ಗೊರಕೆಯ ಜೊತೆ ಉಸಿರು ನಿಲ್ಲುತ್ತಿದ್ದರೆ ಗಂಟಲ ದಾರಿ ಮುಚ್ಚಿಕೊಳ್ಳುವ ಕಾಯಿಲೆ ಇರಬಹುದು, ಸ್ಲೀಪ್ ಆಪ್ನಿಯ ಎನ್ನುತ್ತಾರೆ. ಕೆನಡಾದ ಟೊರಾಂಟೊದಲ್ಲಿ ಡಾ. ಫ್ರಾನ್ಸಿಸ್ ಚಂಗ್ ಮತ್ತು ಸಂಗಡಿಗರು 2008ರಲ್ಲಿ ಅದಕ್ಕೂ ಎಂಟು ಅಂಶಗಳ ಒಂದು ಪಟ್ಟಿ ಕೊಟ್ಟರು. ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಬೇರೆಯವರು ಕಂಡದ್ದು, ಬಿ.ಪಿ., ಬೊಜ್ಜು, ವಯಸ್ಸು ಐವತ್ತು ದಾಟಿದ್ದು, ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್ ಮೀರಿದ್ದು, ಗಂಡಸಾಗಿರುವುದು. ಮೂರು ಹೌದು ಬಂದರೆ ಉದಾಸೀನ ಮಾಡುವ ಹಾಗಿಲ್ಲ. ಟೇಲರ್ ಟೇಪು ಕಾಕಾನ ಕುತ್ತಿಗೆಯ ಸುತ್ತ 42 ತೋರಿಸಿತು, ಬಿ.ಪಿ. ಗುಳಿಗೆ ಮೊದಲೇ ಇತ್ತು. ಮಿರಜಿಗೆ ಹೋಗಿ ರಾತ್ರಿ ಪರೀಕ್ಷೆ ಮಾಡಿಸಿದಾಗ ಗಂಟೆಗೆ ಮೂವತ್ತಕ್ಕೂ ಹೆಚ್ಚು ಸಲ ಉಸಿರು ತಡೆಯುತ್ತಿದ್ದುದು ಕಂಡಿತು, ಅದು ತೀವ್ರ ವರ್ಗ. ಈಗ ಮೂಗಿಗೆ ಗಾಳಿ ಒತ್ತುವ ಯಂತ್ರ ಹಾಕಿಕೊಂಡು ಮಲಗುತ್ತಾರೆ. ಸಿಡ್ನಿಯ ಕಾಲಿನ್ ಸಲ್ಲಿವಾನ್ 1981ರಲ್ಲಿ ಮೊದಲು ವಿವರಿಸಿದ ಉಪಾಯ ಅದು. ಮೊದಲ ವಾರ ಬಹಳ ಕಿರಿಕಿರಿ ಮಾಡಿಕೊಂಡರು. ಈಗ ಕಾಕುವೇ ಅಂಕ ಹಾಕಿದರೂ ಐದರ ಮೇಲೆ ಹೋಗುವುದಿಲ್ಲ. ಇದರ ಜೊತೆಗೆ ಒಂದು ಎಚ್ಚರ. ಈ ಕಾಯಿಲೆ ಇದ್ದೂ ಎಪ್‌ವರ್ತ್ ಅಂಕ ಹತ್ತರೊಳಗೇ ಇರುವವರು ಬಹಳ ಜನ. ಅಂಕ ಕಡಿಮೆ ಬಂತೆಂದು ಉಸಿರು ನಿಲ್ಲುವ ಗೊರಕೆಯನ್ನು ಬಿಟ್ಟುಬಿಡಬೇಡಿ.

ನನಗೆ ಹೆಚ್ಚು ಸಂಕಟ ಕೊಡುವುದು ನಮ್ಮ ರಸ್ತೆ. ಹಂಗಾಮಿನಲ್ಲಿ ಶಿರಗುಪ್ಪಿ, ಕಾಗವಾಡ, ಉಗಾರದ ದಾರಿಯಲ್ಲಿ ರಾತ್ರಿ ಎರಡಕ್ಕೂ ಡಬಲ್ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರುಗಳು ಸಾಲು ಹಿಡಿದಿರುತ್ತವೆ. ಚಾಲಕ ಹಗಲು ಹೊಲದಲ್ಲಿ ಗ್ಯಾಂಗಿನವರ ಜೊತೆ ಲೋಡು ಮಾಡಿಸಿ, ಸಂಜೆ ಹೊರಟು, ಯಾರ್ಡಿನಲ್ಲಿ ನಂಬರಿಗೆ ಕಾದು, ಖಾಲಿ ಮಾಡಿ, ನಸುಕಿಗೆ ತಿರುಗಿ ಹೊಲಕ್ಕೆ ಹೋಗುತ್ತಾನೆ. ಆಸ್ಟ್ರೇಲಿಯಾದ ಡ್ರ್ಯೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ತೋರಿಸಿದಂತೆ, 17 ತಾಸು ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಿಕೆ ರಕ್ತದಲ್ಲಿ 0.05 ಪ್ರತಿಶತ ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03 ಪ್ರತಿಶತ. ಹನಿ ಮದ್ಯ ಮುಟ್ಟದ ಚಾಲಕ ಬರೀ ನಿದ್ದೆಗೆಟ್ಟು ಆ ಮಿತಿಯ ಆಚೆಯವನಂತೆ ಓಡಿಸುತ್ತಿರುತ್ತಾನೆ. ಮದ್ಯಕ್ಕೆ ಪೊಲೀಸರು ಊದಿಸುವ ಯಂತ್ರವಿದೆ, ಕಬ್ಬಿಗೆ ಕಾಟಾ ಇದೆ, ಚಾಲಕನ ಕಣ್ಣಿನ ಭಾರ ತೂಗುವ ಕಾಟಾ ಯಾವ ಗೇಟಿನಲ್ಲೂ ಇಲ್ಲ.

ಹಾಳೆ ಹಂಚಿದರೆ ಸಾಕೇ? ಸಾಲದು. ನಿಜ ಹೇಳಿದರೆ ಮಾಲಕ ಗಾಡಿ ಕಿತ್ತು ಇನ್ನೊಬ್ಬನಿಗೆ ಕೊಡುತ್ತಾನೆ ಎಂಬ ಭಯವಿದ್ದರೆ ಎಲ್ಲರ ಅಂಕವೂ ಸೊನ್ನೆಯೇ. ಕೇಳುವ ಮೊದಲು, ಹೌದು ಎಂದವನಿಗೆ ನಷ್ಟವಾಗದಂತೆ ವ್ಯವಸ್ಥೆ ಮಾಡಬೇಕು. ಸಕ್ಕರೆ ಕಾರ್ಖಾನೆಗಳು ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಲ್ಲ. ಯಾರ್ಡಿನ ಪಕ್ಕ ಸೊಳ್ಳೆ ಇಲ್ಲದ, ಹಾಸಿಗೆ ಇರುವ ಒಂದು ಕೋಣೆ, ಮಲಗಿ ಎದ್ದರೂ ನಂಬರು ತಪ್ಪುವುದಿಲ್ಲ ಎಂಬ ಭರವಸೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಲೂಯಿಸ್ ರೇನರ್ ಮತ್ತು ಜಿಮ್ ಹಾರ್ನ್ ಜೋಂಪಿನ ಚಾಲಕರ ಮೇಲೆ ಪ್ರಯೋಗ ಮಾಡಿ 1997, 1998ರಲ್ಲಿ ಬರೆದದ್ದು ನಮ್ಮ ಚಾಲಕರಿಗೂ ಒಪ್ಪುತ್ತದೆ. ರೇಡಿಯೊ ಹಚ್ಚುವುದು, ಮುಖಕ್ಕೆ ತಣ್ಣನೆ ಗಾಳಿ ಬಿಡುವುದು ಹೆಚ್ಚು ಕೆಲಸ ಮಾಡುವುದಿಲ್ಲ. ಕೆಫೀನು ಕುಡಿದು ಹದಿನೈದು ನಿಮಿಷದೊಳಗಿನ ಸಣ್ಣ ನಿದ್ದೆ ತೆಗೆಯುವುದು ಕೆಲಸ ಮಾಡುತ್ತದೆ. ಕೆಫೀನು ರಕ್ತಕ್ಕೆ ಏರುವಷ್ಟರಲ್ಲಿ ನಿದ್ದೆಯೂ ಆಗಿರುತ್ತದೆ. ಟ್ರ್ಯಾಕ್ಟರಿನ ಹಾಡಿನ ಅಬ್ಬರ ಚಾಲಕನನ್ನು ಎಚ್ಚರವಾಗಿ ಇಡುತ್ತದೆಂದು ನಂಬಿದ ಮಾಲಕರು ಇದನ್ನು ಓದಲಿ. ಇದು ಒಂದು ರಾತ್ರಿಯ ಉಪಾಯ ಮಾತ್ರ, ದಿನಾ ಮೂರು ತಾಸು ಮಲಗುವವನಿಗೆ ಯಾವ ಚಹಾವೂ ಆಸರೆಯಾಗದು.

ಪತ್ರ ಬರೆದವರಿಗೆ ನಾನು ಹೇಳುವುದಿಷ್ಟು. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ಹಗಲು ಕಣ್ಣು ಹತ್ತಿದ ಜಾಗ ಬರೆಯಿರಿ. ಪಕ್ಕದಲ್ಲಿ ಮಲಗುವವರಿಗೆ ಗೊರಕೆಯ ಬಗ್ಗೆ ಬರೆಯಲು ಹೇಳಿ, ಸಾಧ್ಯವಾದರೆ ಮೊಬೈಲಿನಲ್ಲಿ ಒಂದೆರಡು ನಿಮಿಷ ಚಿತ್ರಿಸಿಕೊಳ್ಳಲಿ. ತೆಗೆದುಕೊಳ್ಳುವ ಗುಳಿಗೆಗಳ ಚೀಟಿ ಜೊತೆಗಿರಲಿ. ಇಷ್ಟು ಹಿಡಿದು ಮೊದಲು ನಿಮ್ಮ ಊರಿನ ಡಾಕ್ಟರಿಗೇ ತೋರಿಸಿ. ರಕ್ತ, ಥೈರಾಯ್ಡ್, ಸಕ್ಕರೆ ನೋಡಿಸುವುದು ಅವರಿಂದಲೇ ಆಗುತ್ತದೆ. ರಾತ್ರಿ ಪರೀಕ್ಷೆ ಬೇಕೆಂದರೆ ಮಿರಜ, ಸಾಂಗಲಿ, ಬೆಳಗಾವಿ ನಮಗೆ ಹತ್ತಿರ. ನರಸಂಬಂಧಿ ಕಾಯಿಲೆಯ ಅನುಮಾನ ಬಂದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮನೆಯವರನ್ನು ಕರೆದುಕೊಂಡೇ ಹೋಗಿ, ಡಾಕ್ಟರು ಅವರನ್ನೂ ಕೇಳಲಿ. ಹೋಗುವಾಗ ಗಾಡಿಯನ್ನು ಬೇರೆಯವರು ಓಡಿಸಲಿ, ಪರೀಕ್ಷೆಯ ಫಲ ಬರುವ ತನಕ ರಾತ್ರಿ ಸ್ಟೇರಿಂಗ್ ಮುಂದೆ ಕೂಡಬೇಡಿ.